ನಿಂತ ಹೊತ್ತಿನ ಅಳತೆ

ಎಲ್ಲಿಗೂ ಹೋಗದ ಕಾರನ್ನು ಓಡಿಸಿ ಸಂಬಳ ತೆಗೆದುಕೊಂಡವನು ನಾನು. ಮೈಸೂರಿನ ಹೊರವಲಯದಲ್ಲಿ ವಾಹನಗಳ ಹೊಗೆ ಅಳೆಯುವ ಒಂದು ಪ್ರಯೋಗಶಾಲೆಗೆ ಡ್ರೈವರ್ ಆಗಿ ಸೇರಿದಾಗ, ದಿನವೂ ಹೊಸ ಹೊಸ ಕಾರು ಹತ್ತಿ ಊರೂರು ತಿರುಗುತ್ತೇನೆ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಒಂದು ಕೋಣೆ. ನೆಲದಲ್ಲಿ ದಪ್ಪ ದಪ್ಪ ಕಬ್ಬಿಣದ ಉರುಳೆಗಳು. ಕಾರಿನ ಚಕ್ರಗಳನ್ನು ಅವುಗಳ ಮೇಲೆ ಕೂರಿಸಿ, ಕಾರು ಮುಂದಕ್ಕೆ ಜಿಗಿಯದ ಹಾಗೆ ಪಟ್ಟಿಗಳಿಂದ ಬಿಗಿದು ಕಟ್ಟುತ್ತಾರೆ. ಓಡುವ ಕಾರಿಗೆ ಗಾಳಿ ಬಡಿಯಬೇಕಲ್ಲ, ಅದಕ್ಕೆ ಎದುರಿಗೊಂದು ಆಳೆತ್ತರದ ಫ್ಯಾನು. ಕಣ್ಣ ಮುಂದಿನ ಪರದೆಯ ಮೇಲೆ ಒಂದು ಗೆರೆ ಏರುತ್ತದೆ, ಇಳಿಯುತ್ತದೆ. ಅದು ಏರಿದಾಗ ವೇಗ ಹೆಚ್ಚಿಸಬೇಕು, ಇಳಿದಾಗ ಬ್ರೇಕು ಒತ್ತಬೇಕು. ಗೆರೆ ಬಿಟ್ಟು ಆಚೀಚೆ ಹೋದರೆ ಪರೀಕ್ಷೆ ಮತ್ತೆ ಮೊದಲಿಂದ. ಚಕ್ರ ಗರಗರ ತಿರುಗುತ್ತದೆ, ಹಿಂದಿನ ಕೊಳವೆ ಹೊಗೆಯನ್ನು ಹೀರಿ ಯಂತ್ರಕ್ಕೆ ಕೊಡುತ್ತದೆ, ಕಾರು ಮಾತ್ರ ಇದ್ದಲ್ಲೇ ಇರುತ್ತದೆ.

ಇದನ್ನು ಅಕ್ಕನಿಗೆ ಅರ್ಥ ಮಾಡಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು.

"ಇವತ್ತು ಎಲ್ಲಿಗೋಗಿದ್ದೆಲಾ?"

"ಎಲ್ಲಿಗೂ ಇಲ್ಲ ಕಣಕ್ಕ."

"ಬೆಳಗ್ಗಿಂದ ಕಾರು ಓಡ್ಸಿದೆ ಅಂದೆ?"

"ಓಡ್ಸಿದೆ. ನಿಂತ ಜಾಗದಾಗೆ."

"ಅಂಗಾರೆ ಗಾಣದ ಎತ್ತೇ ವಾಸಿ ಬುಡು. ಅದು ಸುತ್ತಾದ್ರೂ ಸುತ್ತತದೆ."

ಅಕ್ಕ ಹೀಗೆಯೇ. ನನಗೆ ಮೂಗಿನ ತುದಿಯಲ್ಲೇ ಕೋಪ. ಅವಳಿಗೆ ನಾಲಿಗೆಯ ತುದಿಯಲ್ಲೇ ತಮಾಷೆ. ಅವ್ವ ತೀರಿಕೊಂಡಾಗ ನಾನಿನ್ನೂ ಚಡ್ಡಿ ಹಾಕುತ್ತಿದ್ದೆ. ಗಂಡನನ್ನು ಕಳೆದುಕೊಂಡು ಆಗಷ್ಟೇ ತವರಿಗೆ ಬಂದಿದ್ದ ಅಕ್ಕ ನನ್ನನ್ನು ಸೊಂಟಕ್ಕೆ ಏರಿಸಿಕೊಂಡವಳು ಇಳಿಸಲೇ ಇಲ್ಲ. ನಾನು ಮದುವೆಯಾಗಿ, ಕೆಲಸಕ್ಕೆ ಹತ್ತಿರವಾಗಲಿ ಎಂದು ಹುಣಸೂರಿನಲ್ಲಿ ಮನೆ ಮಾಡಿದ ಮೇಲೂ ಅವಳು ಊರಲ್ಲೇ ಉಳಿದಳು. ನಮ್ಮೂರು ಹಾರನಹಳ್ಳಿಯ ಕಡೆ. ಹೊಲದಲ್ಲಿ ಹೊಗೆಸೊಪ್ಪು, ಮನೆಯಿಂದ ಕೂಗಳತೆಯಲ್ಲಿ ಅದನ್ನು ಬೇಯಿಸುವ ಬ್ಯಾರನ್. ಗೋಪುರದ ಹಾಗೆ ಎತ್ತರವಾದ ಮಣ್ಣಿನ ಕಟ್ಟಡ ಅದು. ಒಳಗೆ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಸಾಲಾಗಿ ತೂಗುಹಾಕಿ, ಕೆಳಗಿನ ಒಲೆಗೆ ಹಗಲೂ ರಾತ್ರಿ ಸೌದೆ ಒಟ್ಟುತ್ತಿರಬೇಕು. ಶಾಖ ಹೆಚ್ಚಾದರೆ ಸೊಪ್ಪು ಕಪ್ಪಾಗುತ್ತದೆ, ಕಮ್ಮಿಯಾದರೆ ಹಸಿಯಾಗಿಯೇ ಕೊಳೆಯುತ್ತದೆ. ಸೊಪ್ಪು ಕೀಳುವುದಕ್ಕೆ, ಕಟ್ಟುವುದಕ್ಕೆ ಕೂಲಿಯವರು ಬರುತ್ತಿದ್ದರು. ಒಲೆಯ ಮುಂದೆ ಮಾತ್ರ ಅಕ್ಕ ಬೇರೆ ಯಾರನ್ನೂ ಕೂರಿಸುತ್ತಿರಲಿಲ್ಲ.

ನಾನು ಕೆಲಸ ಮಾಡುವ ಕಡೆ ಕಾರಿನ ಹಿಂದಿನ ಕೊಳವೆಯಿಂದ ಬರುವ, ಕಣ್ಣಿಗೂ ಕಾಣದ ಹೊಗೆಯನ್ನು ಗ್ರಾಮಿನ ಚೂರುಚೂರಿನಲ್ಲಿ ಅಳೆಯುತ್ತಾರೆ. ಅಕ್ಕ ಕೂತಿದ್ದ ಒಲೆಯ ಬಾಯಲ್ಲಿ ಬರುತ್ತಿದ್ದ ಹೊಗೆ ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ನಾಟುತ್ತಿತ್ತು, ಸೀರೆಗೆ ಮೆತ್ತಿಕೊಳ್ಳುತ್ತಿತ್ತು. ಅದನ್ನು ಅಳೆಯಲು ಯಾರೂ ಬರಲಿಲ್ಲ. ಈಗ ಇದನ್ನು ಬರೆಯುವಾಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಕೆಲವು ವರ್ಷಗಳ ಹಿಂದೆ ನಮ್ಮ ಕೆಲಸದ ರೀತಿ ಬದಲಾಯಿತು. ಕೋಣೆಯೊಳಗೆ ಪಾಸಾದ ಕಾರು ರಸ್ತೆಯಲ್ಲೂ ಹಾಗೆಯೇ ನಡೆದುಕೊಳ್ಳುತ್ತದೆಯೇ ಎಂದು ನೋಡಬೇಕು ಎಂಬ ನಿಯಮ ಬಂತು. ಕಾರಿನ ಹಿಂದೆ ಪೆಟ್ಟಿಗೆಯಂಥ ಯಂತ್ರ ಕಟ್ಟಿ, ಹೊಗೆ ಕೊಳವೆಗೆ ಇನ್ನೊಂದು ಕೊಳವೆ ಸೇರಿಸಿ, ಛಾವಣಿಯ ಮೇಲೆ ಒಂದು ಆಂಟೆನಾ ಕೂರಿಸಿ, ನಿಜವಾದ ರಸ್ತೆಗೆ ಹೊರಡುವುದು. ಹೊರಡುವ ಮೊದಲು ಯಂತ್ರಕ್ಕೆ ಸಿಲಿಂಡರಿನ ಶುದ್ಧ ಗಾಳಿ ಕುಡಿಸಿ ಅದರ ತಲೆ ನೆಟ್ಟಗಿದೆಯೇ ನೋಡಬೇಕು, ಬಂದ ಮೇಲೆ ಮತ್ತೊಮ್ಮೆ ನೋಡಬೇಕು. ದಾರಿಯಲ್ಲಿ ಊರೊಳಗಿನ ಓಣಿಯೂ ಇರಬೇಕು, ಹಳ್ಳಿ ರಸ್ತೆಯೂ ಇರಬೇಕು, ಹೆದ್ದಾರಿಯೂ ಇರಬೇಕು. ಈ ಸೀಮೆಯ ರಸ್ತೆಗಳು ನಿನಗೆ ಗೊತ್ತಲ್ಲ, ನೀನೇ ಓಡಿಸು ಎಂದರು. ಕುಣಿದುಬಿಟ್ಟೆ. ಒಂದು ದಿನ ಹುಣಸೂರಿನಿಂದ ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿ ಹಾರನಹಳ್ಳಿಯ ಮೇಲೆ ವಾಪಸ್ಸು. ಇನ್ನೊಂದು ದಿನ ಕೆ.ಆರ್. ನಗರ, ಮಿರ್ಲೆ. ಮತ್ತೊಂದು ದಿನ ಎಚ್.ಡಿ. ಕೋಟೆ.

ಯಂತ್ರದ ಉಸ್ತುವಾರಿಗೆ ಒಬ್ಬ ಎಂಜಿನಿಯರ್ ಹುಡುಗಿ ಲ್ಯಾಪ್‌ಟಾಪು ಹಿಡಿದು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು. ಅವಳು ನನ್ನನ್ನು ಅಣ್ಣ ಅನ್ನುತ್ತಿದ್ದಳು, ನಾನು ಅವಳನ್ನು ಮೇಡಂ ಅನ್ನುತ್ತಿದ್ದೆ. ಮಾತು ಕಮ್ಮಿ, ಕಣ್ಣು ಚುರುಕು.

ಮೊದಲನೇ ದಿನವೇ ನಾನು ಎಡವಟ್ಟು ಮಾಡಿದೆ. ಕಾರನ್ನು ಅಳೆಯಲು ಕರೆದುಕೊಂಡು ಹೋಗುತ್ತಿದ್ದೇವೆ ಎಂದ ಮೇಲೆ ಅದು ಚೆನ್ನಾಗಿ ಕಾಣಬೇಡವೇ? ಬೆಳಗ್ಗೆಯೇ ತೊಳೆದು, ಒರೆಸಿ, ಒಳಗಿದ್ದ ಸಾಮಾನೆಲ್ಲ ಕೆಳಗಿಳಿಸಿ ಹಗುರ ಮಾಡಿದೆ. ಎ.ಸಿ. ಹಾಕಲಿಲ್ಲ. ಹುಣಸೂರು ದಾಟುವಾಗ ಗೇರು ಬದಲಾದದ್ದು ಗೊತ್ತಾಗದ ಹಾಗೆ, ಮಲಗಿದ ಮಗುವನ್ನು ಎತ್ತಿಕೊಂಡು ಹೋಗುವವನ ಹಾಗೆ ಓಡಿಸಿದೆ. ಪಿರಿಯಾಪಟ್ಟಣ ಬರುವವರೆಗೆ ಲ್ಯಾಪ್‌ಟಾಪು ನೋಡುತ್ತಿದ್ದ ಮೇಡಂ ಕೊನೆಗೆ ಕೇಳಿದಳು:

"ಅಣ್ಣ, ನೀವು ಮನೆಗೆ ಹೋಗುವಾಗ ಹೀಗೇ ಓಡಿಸ್ತೀರಾ?"

"ಇಲ್ಲ ಮೇಡಂ. ಅಳೀತಾ ಇದೀರಲ್ಲ, ಅದಕ್ಕೆ."

"ಹೆಣ್ಣು ನೋಡೋಕೆ ಬಂದಾಗ ಅಲಂಕಾರ ಮಾಡ್ತಾರಲ್ಲ, ಹಂಗಾಯ್ತು ಇದು. ನನಗೆ ಅಲಂಕಾರ ಬೇಡ ಅಣ್ಣ. ದಿನಾ ಹೆಂಗಿರುತ್ತೋ ಹಂಗೆ ತೋರಿಸಿ."

ಅವತ್ತಿನ ಅಳತೆ ದಂಡವಾಯಿತು. ಮಾರನೆಯ ದಿನ ಡಿಕ್ಕಿಯಲ್ಲಿ ಮರಳಿನ ಚೀಲ ಹಾಕಿ, ಎ.ಸಿ. ಹಾಕಿ, ಶುಂಠಿ ಹೇರಿದ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕುತ್ತಾ, ಬೈಲಕುಪ್ಪೆಯಲ್ಲಿ ರಸ್ತೆ ದಾಟುವ ಟಿಬೆಟ್ ಸನ್ಯಾಸಿಗಳಿಗೆ ಗಕ್ಕನೆ ನಿಲ್ಲಿಸುತ್ತಾ, ಏರಿನಲ್ಲಿ ಎಂಜಿನ್ನು ಗೊರಗೊರ ಅನ್ನುವಂತೆ ತುಳಿಯುತ್ತಾ ಓಡಿಸಿದೆ. ಲ್ಯಾಪ್‌ಟಾಪು ನೋಡಿ ಮೇಡಂ ಹುಬ್ಬೇರಿಸಿದಳು. ಕೋಣೆಯಲ್ಲಿ ಅಷ್ಟು ಸಾಧುವಾಗಿದ್ದ ಕಾರು ರಸ್ತೆಯಲ್ಲಿ ಅದರ ಎಷ್ಟೋ ಪಟ್ಟು ಉಗುಳುತ್ತಿತ್ತು.

"ಹಂಗಾದ್ರೆ ಅಲ್ಲಿ ಸುಳ್ಳು ಹೇಳಿತ್ತು ಅನ್ನಿ," ಎಂದೆ ನಾನು.

"ಎಲ್ಲ ಕಾರೂ ಸುಳ್ಳು ಹೇಳಲ್ಲ ಅಣ್ಣ. ಅಲ್ಲಿ ನಾವು ಕೇಳಿದ್ದೇ ಅಷ್ಟು. ಏರು ಕೇಳಲಿಲ್ಲ, ಭಾರ ಕೇಳಲಿಲ್ಲ. ಕೇಳಿದ್ದಕ್ಕೆ ಅದು ಉತ್ತರ ಕೊಡ್ತು."

ಇನ್ನೊಂದು ದಿನ ರೈಲ್ವೆ ಗೇಟು ಹಾಕಿ ಬಹಳ ಹೊತ್ತು ನಿಲ್ಲಬೇಕಾಯಿತು. ಇಷ್ಟು ಹೊತ್ತು ನಿಂತರೆ ಅಳತೆ ಕೆಟ್ಟುಹೋಗುತ್ತದೇನೋ ಎಂದು ನಾನು ಚಡಪಡಿಸುತ್ತಿದ್ದೆ. ಮೇಡಂ ನಕ್ಕಳು. "ನಿಂತದ್ದೂ ಲೆಕ್ಕಕ್ಕೆ ಸೇರುತ್ತೆ ಅಣ್ಣ. ಕಾರು ಎಲ್ಲೆಲ್ಲಿ ನಿಲ್ಲುತ್ತೆ ಅನ್ನೋದೂ ಗೊತ್ತಾಗಬೇಕಲ್ಲ."

ಹಾರನಹಳ್ಳಿಯ ಮೇಲೆ ವಾಪಸ್ಸಾಗುವ ದಿನಗಳಲ್ಲಿ ಪರೀಕ್ಷೆ ಮುಗಿಸಿಕೊಂಡು ಅಕ್ಕನ ಮನೆಯಲ್ಲಿ ಊಟಕ್ಕೆ ನಿಲ್ಲುವುದು ಅಭ್ಯಾಸವಾಯಿತು. ಅಕ್ಕ ಮೇಡಂಗೆ ಮುದ್ದೆ ನುಂಗುವುದನ್ನು ಕಲಿಸಿದಳು. ಕಾರಿನ ಹಿಂದಿನ ಪೆಟ್ಟಿಗೆಯನ್ನು ಸುತ್ತಿ ಸುತ್ತಿ ನೋಡಿ, "ಇದಕ್ಕೆ ಉಸ್ರು ನೋಡೋ ಕೆಲಸ ಅನ್ನು. ಡಾಕ್ಟ್ರೇ ಬುಡು," ಎಂದಳು.

ಆ ಊಟದ ದಿನಗಳಲ್ಲೇ ನಾನೊಂದು ಗಮನಿಸಿದೆ. ಅಕ್ಕ ಮೊದಲೆಲ್ಲ ನಡೆಯುತ್ತಾ ಮಾತಾಡುವವಳು. ಅವಳ ಹಿಂದೆ ಓಡಿಕೊಂಡು ಹೋಗಿ ಮಾತು ಕೇಳಿಸಿಕೊಳ್ಳಬೇಕಾಗಿತ್ತು. ಈಗ ನಿಂತು ಮಾತಾಡತೊಡಗಿದ್ದಳು. ಬ್ಯಾರನ್ನಿನಿಂದ ಮನೆಗೆ ಬರುವ ದಾರಿಯಲ್ಲಿ ದಾಸವಾಳದ ಬೇಲಿಯ ಹತ್ತಿರ ನಿಂತು ಒಣಗಿದ ಎಲೆ ಕೀಳುವಳು. ನುಗ್ಗೆಮರದ ಕೆಳಗೆ ನಿಂತು ಕಾಯಿ ಎಷ್ಟು ಬಿಟ್ಟಿದೆ ಎಂದು ಕತ್ತೆತ್ತಿ ನೋಡುವಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಕೋಳಿಗೆ ಬೈಯುವಳು. ಕೋಳಿ ಏನೂ ಮಾಡಿರುತ್ತಿರಲಿಲ್ಲ. ಬೈದು ಮುಗಿಯುವ ಹೊತ್ತಿಗೆ ಅವಳ ಕೊರಳಿನ ಕೆಳಗಿನ ಗುಳಿ ಏರಿಳಿಯುವುದು ಕಾಣುತ್ತಿತ್ತು.

"ಉಸ್ರು ಕಟ್ತದೇನಕ್ಕ?"

"ನಿಂಗ್ಯಾವ ಉಸ್ರು ಕಂಡದ್ಲಾ? ಕೋಳಿ ಸಸಿ ಕೆದರ್ತಾ ಅದೆ, ನೋಡ್ಬಾರ್ದಾ?"

ಯುಗಾದಿ ಕಳೆದ ಮೇಲೆ, ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ, ಜಗಳ ಆಡಿ ಅವಳನ್ನು ಮೈಸೂರಿನ ಒಂದು ಆಸ್ಪತ್ರೆಗೆ ಹೊರಡಿಸಿದೆ. ಎದೆಯ ಡಾಕ್ಟರಿಗೆ ತೋರಿಸುವುದೆಂದು ಒಂದು ವಾರ ಮೊದಲೇ ಹೇಳಿದ್ದೆ. ಆ ವಾರವೆಲ್ಲ ಅಕ್ಕ ಅಡುಗೆಮನೆಯ ಸೌದೆ ಒಲೆಯ ಕಡೆ ಸುಳಿಯಲಿಲ್ಲವಂತೆ. ಗ್ಯಾಸಿನ ಮೇಲೆ ಅಡುಗೆ ಮಾಡಿಕೊಂಡು, ಮಧ್ಯಾಹ್ನ ಮಲಗಿ ಎದ್ದು, ಮೈ ಆರಾಮ ಮಾಡಿಕೊಂಡಿದ್ದಳು. ಹೊರಡುವ ದಿನ ಎಣ್ಣೆ ನೀರು ಹಾಕಿಕೊಂಡು, ನನ್ನ ಮದುವೆಗೆ ಕೊಡಿಸಿದ್ದ ಸೀರೆ ಉಟ್ಟು, ನುಣ್ಣಗೆ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನೆಂಟರ ಮನೆಗೆ ಹೋಗ್ತಿದೀವಾ ಅಕ್ಕ?"

"ದೊಡ್ಡ ಡಾಕ್ಟ್ರು ಕಣ್ಲಾ. ಹೊಗೆ ವಾಸ್ನೆ ಸೀರೇಲಿ ಓಗಕ್ಕಾಯ್ತದಾ?"

ಡಾಕ್ಟರು ಒಳ್ಳೆಯವರು, ಸಮಾಧಾನದವರು. "ಹೇಗಿದ್ದೀರಮ್ಮಾ?" ಎಂದು ಕೇಳಿದರು. ನಮ್ಮ ಕಡೆ ಈ ಪ್ರಶ್ನೆಗೆ ಇರುವುದು ಒಂದೇ ಉತ್ತರ. ಮನೆಗೆ ಬೆಂಕಿ ಬಿದ್ದಿದ್ದರೂ, ಮೊದಲು ಚೆನ್ನಾಗಿದ್ದೇನೆ ಎಂದು ಹೇಳಿ, ಎದುರಿಗಿದ್ದವರ ಮನೆಮಂದಿಯನ್ನೆಲ್ಲ ವಿಚಾರಿಸಿ, ಆಮೇಲೆ ಬೇಕಾದರೆ ಬೆಂಕಿಯ ವಿಷಯ ತೆಗೆಯಬಹುದು.

"ಚೆಂದಾಗಿವ್ನಿ ಸಾರ್," ಎಂದಳು ಅಕ್ಕ. "ನೀವು ಚೆಂದಾಗಿದ್ದೀರಾ? ಮನೆ ಕಡೆ ಎಲ್ಲ ಚೆಂದಾಗವ್ರಾ?"

ಡಾಕ್ಟರು ನಕ್ಕರು. ನಾನು ನಡುವೆ ಬಾಯಿ ಹಾಕಿ, ಇಲ್ಲ ಸಾರ್, ನಡೆಯುವಾಗ ಏದುಸಿರು ಬರುತ್ತದೆ ಎಂದೆ. "ಅವನಿಗೆ ಗಾಬರಿ ಜಾಸ್ತಿ ಸಾರ್, ಮೊದ್ಲಿಂದ್ಲೂ ಅಂಗೇ," ಎಂದಳು ಅಕ್ಕ. ಕೊಳವೆಯೊಂದನ್ನು ಬಾಯಿಗೆ ಕೊಟ್ಟು ಜೋರಾಗಿ ಊದಲು ಹೇಳಿದರು. ಅಕ್ಕ ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು ಊದಿದಳು. ಪರದೆಯ ಮೇಲೆ ಒಂದು ಗೆರೆ ಏರಿ ಇಳಿಯಿತು. ಅಂಥ ಗೆರೆಯನ್ನು ದಿನವೂ ನೋಡುವ ನನಗೆ ಅದು ಚೆನ್ನಾಗಿಯೇ ಕಂಡಿತು. ವಯಸ್ಸಿಗೆ ತಕ್ಕಂತೆ ಇದೆ, ಹೆಚ್ಚುಕಡಿಮೆ ಸರಿಯಾಗಿಯೇ ಇದೆ, ಆದರೂ ಹೊಗೆಯಿಂದ ದೂರ ಇರಿ, ಮತ್ತೆ ತೊಂದರೆ ಕಂಡರೆ ಬನ್ನಿ ಎಂದರು.

ಪರೀಕ್ಷೆಯಲ್ಲಿ ಪಾಸಾದ ಮಗುವಿನ ಹಾಗೆ ಅಕ್ಕ ಅವತ್ತು ಹಿಗ್ಗಿದಳು. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು, "ಈಗಾದ್ರೂ ಬಾಯಿ ಮುಚ್ಕೊಂಡಿರು ಕಂಡ್ಯಾ," ಎಂದು ನನ್ನ ತಲೆಗೆ ಮೊಟಕಿದಳು. ಆ ವರ್ಷದ ಸೊಪ್ಪಿಗೆ ಸಸಿ ನೆಡಿಸಿದಳು. ಮಳೆ ಬಂತು, ಸೊಪ್ಪು ಬೆಳೆಯಿತು, ಬ್ಯಾರನ್ನಿನ ಒಲೆ ಹತ್ತಿತು. ಹೊಗೆಯಿಂದ ದೂರ ಇರು ಎಂದು ನಾನು ಕೂಗಾಡಿದಾಗೆಲ್ಲ ಅವಳದು ಒಂದೇ ಮಾತು: "ಡಾಕ್ಟ್ರೇ ಸರಿಯಾಗದೆ ಅಂದವ್ರೆ. ನೀನ್ಯಾವ ಡಾಕ್ಟ್ರು?"

ಗೌರಿ ಹಬ್ಬದ ಹೊತ್ತಿಗೆ ಒಂದು ದಿನ ಪರೀಕ್ಷೆ ಮುಗಿಸಿಕೊಂಡು ನಾನೂ ಮೇಡಂ ಊಟಕ್ಕೆ ನಿಂತಿದ್ದೆವು. ಜಗಲಿಯ ಮೇಲೆ ಕೂತಿದ್ದ ಮೇಡಂ, ಅಕ್ಕ ಬ್ಯಾರನ್ನಿನಿಂದ ಬರುವುದನ್ನೇ ನೋಡುತ್ತಿದ್ದಳು. ಬೇಲಿಯ ಹತ್ತಿರ ಅಕ್ಕ ನಿಂತಳು. ನುಗ್ಗೆಮರದ ಹತ್ತಿರ ನಿಂತಳು. ಕಲ್ಲಿನ ಹತ್ತಿರ ನಿಂತವಳು ಅದನ್ನು ಹಿಡಿದುಕೊಂಡು ಬಗ್ಗಿದಳು. ಕೋಳಿ ಅಲ್ಲಿರಲಿಲ್ಲ. ಆದರೂ ಏನನ್ನೋ ಓಡಿಸುವವಳ ಹಾಗೆ ಕೈ ಬೀಸಿದಳು.

"ಅಣ್ಣ, ನಿಮ್ಮಕ್ಕನ್ನ ಆಸ್ಪತ್ರೇಲಿ ಕೂರಿಸಿ ನೋಡಿದ್ರಾ, ನಡೆಸಿ ನೋಡಿದ್ರಾ?"

"ಕೂರಿಸಿ."

"ಹಂಗಾದ್ರೆ ನೀವು ಕಾರನ್ನ ಕೋಣೇಲಿ ಮಾತ್ರ ನೋಡಿದೀರಿ."

ನನಗೆ ಸಿಟ್ಟು ನೆತ್ತಿಗೇರಿತು. ನಮ್ಮಕ್ಕ ಕಾರಲ್ಲ ಮೇಡಂ ಎಂದು ಸಿಡುಕಿದೆ. ಅವಳು ಮತ್ತೆ ಕಲ್ಲಿನ ಕಡೆ ನೋಡಿದಳು. ಅಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಮಜ್ಜಿಗೆ ತಂದುಕೊಟ್ಟಳು. ಬಹಳ ವರ್ಷಗಳಿಂದ ಆಕೆಗೆ ಉಬ್ಬಸ; ಬಾಯಿಗೆ ಒತ್ತಿಕೊಂಡು ಎಳೆಯುವ ಪಂಪು ಯಾವಾಗಲೂ ಸೊಂಟದಲ್ಲೇ ಇರುತ್ತದೆ. ಮಾತು ಕಿವಿಗೆ ಬಿದ್ದಿತ್ತು ಅಂತ ಕಾಣುತ್ತದೆ.

"ಆಸ್ಪತ್ರೆಗೋದ ದಿವ್ಸ ಅವ್ಳು ನನ್ ಪಂಪ್ ಎಳ್ಕೊಂಡಲ್ವಾ ಓದದ್ದು. ಎಲ್ಡು ಸಲ ಎಳುದ್ಲು. ಯಾಕಪ್ಪ, ಡಾಕ್ಟ್ರುಗೆ ಏಳ್ನಿಲ್ವಾ?"

ಎದ್ದು ಹೋಗಿ ಅಕ್ಕನ ಎದುರು ನಿಂತೆ. ಊರೆಲ್ಲ ಕೇಳುವಂತೆ ಕಿರುಚಿದೆ. ಯಾರಿಗೆ ಮೋಸ ಮಾಡುವುದಕ್ಕೆ ಹೋಗಿದ್ದೆ, ಡಾಕ್ಟರಿಗಾ, ನನಗಾ ಎಂದೆ. ಅಕ್ಕನಿಗೆ ನಿಜವಾಗಿಯೂ ಆಶ್ಚರ್ಯವಾಯಿತು.

"ಮೋಸ ಯಾಕ್ಲಾ ಮಾಡ್ಲಿ? ಅಷ್ಟು ದೊಡ್ಡವ್ರ ಮುಂದೆ ಕೆಮ್ಕೊಂಡು, ಗೊರಗುಟ್ಕೊಂಡು ಕೂತ್ರೆ ಚೆಂದಾಗಿರ್ತದಾ? ಅವ್ರಿಗೂ ಬೇಜಾರು. ನಿಂಗೂ ಮರ್ಯಾದೆ ಕಮ್ಮಿ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಬರುವವರಿಗೆ ಮನೆ ಗುಡಿಸಿ ಸಾರಿಸಿ ತೋರಿಸುವುದು ನಮ್ಮ ಮರ್ಯಾದೆ. ಅಕ್ಕ ತನ್ನ ಎದೆಗೂಡನ್ನೂ ಗುಡಿಸಿ ಸಾರಿಸಿ ತೋರಿಸಿದ್ದಳು. ಅಳತೆಯ ದಿನ ಕಾರು ತೊಳೆದವನ ಅಕ್ಕ ಇನ್ನೇನು ಮಾಡುತ್ತಾಳೆ? ಕೋಪ ಇಳಿದುಹೋಗಿ ಆ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

ಕೊರೊನಾ ಕಾಲದಲ್ಲಿ ಎಲ್ಲರೂ ಕೊಂಡಿದ್ದ, ಬೆರಳಿಗೆ ಸಿಕ್ಕಿಸುವ ಪುಟ್ಟ ಯಂತ್ರವೊಂದು ನಮ್ಮ ಮನೆಯಲ್ಲೂ ಬಿದ್ದಿತ್ತು. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ತೋರಿಸುವಂಥದ್ದು. ಮುಂದಿನ ಭಾನುವಾರ ಅದನ್ನು ತಂದು ಅಕ್ಕನ ಬೆರಳಿಗೆ ಹಾಕಿದೆ. ಕೂತಾಗ ಚೆನ್ನಾಗಿಯೇ ಇತ್ತು. "ನೋಡ್ದಾ?" ಎಂದಳು. "ಈಗ ದಿನಾ ಹೋಗೋ ಹಾಗೆ ಬ್ಯಾರನ್‌ಗೆ ಹೋಗಿ ಬಾ," ಎಂದೆ. ಅವಳು ನಡೆದಳು, ನಾನು ಅವಳ ಕೈ ಹಿಡಿದು ಪಕ್ಕದಲ್ಲೇ ನಡೆದೆ. ಚಿಕ್ಕವನಿದ್ದಾಗ ಹಾಗೆ ಕೈ ಹಿಡಿದು ನಡೆದದ್ದು ಬಿಟ್ಟರೆ ಅವತ್ತೇ. ವಾಪಸ್ಸು ಬರುವಾಗ, ಬೇಲಿಯ ಹೊತ್ತಿಗೆ ಅಂಕಿ ಇಳಿಯತೊಡಗಿತು. ನುಗ್ಗೆಮರದ ಹತ್ತಿರ ಯಂತ್ರ ಕುಂಯ್ ಕುಂಯ್ ಎಂದು ಅಳತೊಡಗಿತು. ಕಲ್ಲಿನ ಹತ್ತಿರ ಬರುವಾಗ ನಾನು ಅಂಕಿ ನೋಡುವುದನ್ನು ಬಿಟ್ಟು ಅವಳ ಮುಖ ನೋಡಿದೆ. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಮಾರನೆಯ ದಿನವೇ ಅದೇ ಡಾಕ್ಟರ ಹತ್ತಿರ ಮತ್ತೆ ಹೋದೆವು. ಈ ಸಲ ಮೊದಲೇ ಹೇಳಿ ಹೊರಡಿಸಲಿಲ್ಲ. ಒಲೆಯ ಮುಂದೆ ಕೂತಿದ್ದವಳನ್ನು, ಉಟ್ಟ ಸೀರೆಯಲ್ಲೇ, ಎಬ್ಬಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಅವಳು ಸೀರೆ ಮೂಸಿ ನೋಡಿಕೊಳ್ಳುತ್ತಿದ್ದಳು. ಪಂಪಿನ ವಿಷಯ, ವಾರದ ಆರಾಮದ ವಿಷಯ, ಬೇಲಿ, ಮರ, ಕಲ್ಲಿನ ವಿಷಯ ಎಲ್ಲ ನಾನೇ ಹೇಳಿದೆ. ಡಾಕ್ಟರು ಕನ್ನಡಕ ತೆಗೆದು ಕೆಳಗಿಟ್ಟರು. ತಾವೇ ಎದ್ದು ಬಂದು, ಹೊರಗಿನ ಉದ್ದನೆಯ ಕಾರಿಡಾರಿನಲ್ಲಿ ನಿಂತು, "ಅಮ್ಮ, ನಿಮ್ಮ ಮನೇಲಿ ಹೇಗೆ ನಡೀತೀರೋ ಹಾಗೆ ಆ ತುದಿಯವರೆಗೆ ಹೋಗಿ ಬನ್ನಿ," ಎಂದರು.

ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಹೊರಟಳು. ಸ್ವಲ್ಪ ದೂರ ಹೋದವಳು ನಿಧಾನಿಸಿದಳು. ಆಚೀಚೆ ನೋಡಿದಳು. ಎರಡೂ ಕಡೆ ಬೋಳು ಗೋಡೆ. ಕೀಳಲು ಎಲೆಯಿಲ್ಲ, ನೋಡಲು ಕಾಯಿಯಿಲ್ಲ, ಬೈಯಲು ಕೋಳಿಯಿಲ್ಲ. ಇನ್ನೊಂದು ಹೆಜ್ಜೆ ಇಟ್ಟಳು. ಗೋಡೆಗೆ ಅಂಗೈ ಊರಿ ನಿಂತು ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಅಂಥ ನಾಚಿಕೆಯನ್ನು ನಾನು ಯಾವತ್ತೂ ನೋಡಿರಲಿಲ್ಲ.

"ಇಲ್ಲಿ ನಿಂತ್ಕೊಳಕ್ಕೆ ಏನೂ ಇಲ್ವಲ್ಲ ಕಣಪ್ಪ," ಎಂದಳು.

ನಾನು ಓಡಿಹೋಗಿ ಹಿಡಿದುಕೊಂಡೆ.

ಸ್ಕ್ಯಾನು, ಮತ್ತೊಂದು ಊದುವ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ಆದವು. ವರ್ಷಗಟ್ಟಲೆ ಕುಡಿದ ಹೊಗೆ ಶ್ವಾಸಕೋಶವನ್ನು ಒಳಗಿಂದೊಳಗೇ ತಿಂದಿದೆ, ಹಾಳಾದದ್ದನ್ನು ಸರಿಮಾಡಲು ಬರುವುದಿಲ್ಲ, ಉಳಿದದ್ದನ್ನು ಜೋಪಾನ ಮಾಡಬಹುದು ಎಂದರು. ಮೊದಲನೇ ಸಲವೇ ಗೊತ್ತಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದೆ. ಡಾಕ್ಟರು ಸ್ಕ್ಯಾನನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. "ಈ ಸಲದ ಒಲೆ ತಪ್ಪುತ್ತಿತ್ತು. ಇನ್ನಷ್ಟು ವರ್ಷ ಸಿಗುತ್ತಿದ್ದವೇನೋ," ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಕೇಳಿದ್ದಕ್ಕೆ ಅಕ್ಕ ಉತ್ತರ ಕೊಟ್ಟಿದ್ದಳು, ಅವಳು ತೋರಿಸಿದ್ದನ್ನು ಅವರು ಅಳೆದಿದ್ದರು. ಯಾರ ಮೇಲೆ ಸಿಟ್ಟು ಮಾಡಬೇಕೆಂದು ತಿಳಿಯದ ಸಿಟ್ಟು ಬಹಳ ಕೆಟ್ಟದ್ದು, ಅದು ಹೊಟ್ಟೆಯಲ್ಲೇ ಉಳಿದುಬಿಡುತ್ತದೆ.

ಬ್ಯಾರನ್ನಿನ ಒಲೆ ಆರಿಸಿ ಅಕ್ಕನನ್ನು ಹುಣಸೂರಿಗೆ ಕರೆತಂದೆವು. ಆಮ್ಲಜನಕದ ಯಂತ್ರವೊಂದು ಮನೆಗೆ ಬಂತು. ಅದು ಹಗಲಿರುಳು ಗುಂಯ್ಗುಡುತ್ತಿತ್ತು. ಅಕ್ಕನ ಮೂಗಿಗೆ ಕೊಳವೆ. ಕರೆಂಟು ಹೋದರೆ ನನ್ನ ಹೆಂಡತಿ ಬೀಸಣಿಗೆ ಹಿಡಿದು ಓಡುತ್ತಿದ್ದಳು, ನಾನು ಸಿಲಿಂಡರಿನ ಕಡೆ ಓಡುತ್ತಿದ್ದೆ. ಇಷ್ಟಾದರೂ ನೋಡಲು ಬಂದವರೆಲ್ಲ ಹೇಗಿದ್ದೀಯಾ ಎಂದು ಕೇಳುವರು, ಅಕ್ಕ ಚೆಂದಾಗಿವ್ನಿ ಎಂದು ಹೇಳಿ ಕಾಫಿ ಮಾಡಿಸುವಳು. ನನ್ನನ್ನು ಕಂಡಾಗ ಮಾತ್ರ ಕೊಳವೆ ಎತ್ತಿ ತೋರಿಸಿ, "ಪೆಟ್ಗೆ ಕಟ್ಬುಟ್ರಲ್ಲಾ ನಂಗೂವೆ," ಎಂದು ನಗಲು ನೋಡುತ್ತಿದ್ದಳು. ನಗು ಕೆಮ್ಮಾಗುತ್ತಿತ್ತು.

ಚಳಿಗಾಲದಲ್ಲಿ ಒಂದು ಸಂಜೆ ಮೇಡಂ ನೋಡಲು ಬಂದಳು. ಹಾಸಿಗೆಯ ಪಕ್ಕ ನೆಲದ ಮೇಲೇ ಕೂತು, ಅಕ್ಕನ ಕೈ ಹಿಡಿದುಕೊಂಡು, "ಹೇಗಿದ್ದೀರಮ್ಮಾ?" ಎಂದಳು. ಅಕ್ಕನ ಬಾಯಿ ಎಂದಿನ ಮಾತಿಗೆ ತೆರೆಯಿತು. ಮಾತು ಬರಲಿಲ್ಲ. ಉಸಿರು ಎಳೆದುಕೊಂಡಳು. ನನ್ನ ಕಡೆ ಒಂದು ಸಲ ನೋಡಿದಳು.

"ಆಯ್ತಾ ಇಲ್ಲ ಕಣವ್ವ," ಎಂದಳು. "ಚೆಂದಾಗಿಲ್ಲ ನಾನು."

ನನಗೆ ಬುದ್ಧಿ ಬಂದಾಗಿನಿಂದ ಅಕ್ಕನ ಬಾಯಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. ಆಮೇಲೆ ತಕ್ಷಣ ಮೇಡಂನ ಕೈ ತಟ್ಟಿ, "ದೂರದಿಂದ ಬಂದಿದೀಯ, ಇಂಗಂದುಬುಟ್ನಲ್ಲ, ಬೇಜಾರ್ ಮಾಡ್ಕೋಬ್ಯಾಡ," ಎಂದು ಸಮಾಧಾನ ಮಾಡತೊಡಗಿದಳು. ಮೇಡಂ ತಲೆ ಬಗ್ಗಿಸಿ ಕೂತಳು. ನಾನು ಹಿತ್ತಲಿಗೆ ಹೋಗಿ ನೀರಿನ ತೊಟ್ಟಿಯ ಮುಂದೆ ನಿಂತೆ.

ಶಿವರಾತ್ರಿ ಬರುವಷ್ಟರಲ್ಲಿ ಅಕ್ಕ ಹೋದಳು. ಊರಿಗೆ ಒಯ್ದು ಹೊಲದಲ್ಲೇ ಮಣ್ಣು ಮಾಡಿದೆವು.

ಕೆಲಸಕ್ಕೆ ವಾಪಸ್ಸು ಹೋದ ಮೇಲೆ ಮೊದಲ ಕೆಲವು ದಿನ ಕೋಣೆಯಲ್ಲೇ ಓಡಿಸಿದೆ. ಗೆರೆ ಏರಿತು, ಇಳಿಯಿತು. ನಾನು ಒಂದು ಚೂರೂ ಆಚೀಚೆ ಹೋಗಲಿಲ್ಲ. ನನ್ನನ್ನು ಅಳೆದಿದ್ದರೆ ಅವತ್ತು ನಾನೂ ಪಾಸಾಗುತ್ತಿದ್ದೆ. ಆಮೇಲೊಂದು ದಿನ ರಸ್ತೆಯ ಸರದಿ ಬಂತು. ಪಿರಿಯಾಪಟ್ಟಣ, ಬೈಲಕುಪ್ಪೆ, ಹಾರನಹಳ್ಳಿ. ಹೊರಡುವಾಗ ಮೇಡಂ ಹಿಂದಿನ ಸೀಟಿನಿಂದ ಕೇಳಿದಳು: "ಹೇಗಿದ್ದೀರಿ ಅಣ್ಣ?"

"ಚೆನ್ನಾಗಿದೀನಿ ಮೇಡಂ. ನೀವು?"

ಅವಳು ಕನ್ನಡಿಯಲ್ಲಿ ನನ್ನ ಮುಖ ನೋಡಿ ಲ್ಯಾಪ್‌ಟಾಪು ತೆರೆದಳು. ಹೆದ್ದಾರಿ ಮುಗಿಯಿತು, ಹಳ್ಳಿ ರಸ್ತೆ ಬಂತು. ನಮ್ಮೂರಿನ ತಿರುವು ದಾಟಿದರೆ ಎಡಗಡೆಗೆ ಬ್ಯಾರನ್ನು, ಅದರಾಚೆ ದಾಸವಾಳದ ಬೇಲಿ. ಬೇಲಿ ಯಾರೂ ಸವರದೆ ಅಡ್ಡಾದಿಡ್ಡಿ ಬೆಳೆದಿತ್ತು. ಒಣಗಿದ ಎಲೆಗಳು ಹಾಗೇ ಇದ್ದವು. ಪರೀಕ್ಷೆಯ ನಡುವೆ ನಿಲ್ಲಿಸಬಾರದು ಎಂದು ಮನಸ್ಸು ಹೇಳಿತು. ಕಾಲು ಬ್ರೇಕಿನ ಮೇಲೆ ಹೋಗಿತ್ತು.

"ಒಂದು ನಿಮಿಷ ನಿಲ್ಲಿಸ್ತೀನಿ ಮೇಡಂ. ಇಲ್ಲೇನೋ..." ಎಂದೆ. ಏನೆಂದು ಹೇಳಲು ನನಗೂ ಏನೂ ಸಿಗಲಿಲ್ಲ.

"ನಿಲ್ಲಿಸಿ ಅಣ್ಣ," ಎಂದಳು ಅವಳು. "ನಿಂತದ್ದೂ ಲೆಕ್ಕಕ್ಕೆ ಸೇರುತ್ತೆ."

ಎಂಜಿನ್ ಆರಿಸಲಿಲ್ಲ. ಹಿಂದಿನ ಪೆಟ್ಟಿಗೆ ಅದರ ಪಾಡಿಗೆ ಅಳೆಯುತ್ತಿತ್ತು. ನಾನು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತೆ.